ಸಹಾಯ ಬೇಕು: ಮಗನ ಹೊಟ್ಟೆನೋವಿನ ಹಿಂದೆ ಸಹಪಾಠಿಗಳ ಕಾಟ
ಎಲ್ಲರಿಗೂ ನಮಸ್ಕಾರ. ಒಂಬತ್ತನೇ ಕ್ಲಾಸಿನ ಮಗನಿಗೆ ಬೆಳಗಾದರೆ ಹೊಟ್ಟೆನೋವು, ತಲೆನೋವು. ರಜೆ ಇದ್ದರೆ ಮಾತ್ರ ಏನೂ ಇಲ್ಲ. ರಕ್ತ ಪರೀಕ್ಷೆ, ಸ್ಕ್ಯಾನ್ ಎಲ್ಲ ನಾರ್ಮಲ್. ಆಮೇಲೆ ಗೊತ್ತಾಯಿತು, ಕ್ಲಾಸಿನ ಕೆಲವು ಹುಡುಗರು ಅವನ ಉಗ್ಗು ಮಾತನ್ನು ಅಣಕಿಸಿ, ವಿಡಿಯೋ ಮಾಡಿ ಮೊಬೈಲ್ ಗ್ರೂಪಿನಲ್ಲಿ ಹಂಚುತ್ತಿದ್ದಾರೆ. ಈಗ ಫೋನ್ ಟಿಂಗ್ ಅಂದರೆ ಸಾಕು, ಭುಜ ಬಿಗಿ ಹಿಡಿಯುತ್ತಾನೆ, ತಟ್ಟೆ ಪಕ್ಕಕ್ಕೆ ಸರಿಸುತ್ತಾನೆ. ರಾತ್ರಿ ನಿದ್ದೆಯಿಲ್ಲ.

ನೋವು ನಾಟಕವಲ್ಲ ಅಂತ ಡಾಕ್ಟರೇ ಹೇಳಿದರು. ಸದಾ ಹೆದರಿಕೆಯಲ್ಲಿದ್ದರೆ ಕಾರ್ಟಿಸಾಲ್‌ನಂಥ ಒತ್ತಡದ ಹಾರ್ಮೋನುಗಳು ಏರುಪೇರಾಗಿ ನಿದ್ದೆ, ಜೀರ್ಣ ಎರಡೂ ಕೆಡುತ್ತವಂತೆ. ಹಾಗೇ ಬಿಟ್ಟರೆ ಆತಂಕ, ಖಿನ್ನತೆಗೂ ದಾರಿ. "ಹುಡುಗರು ಅಂದ್ಮೇಲೆ ಇದೆಲ್ಲ ಇದ್ದದ್ದೇ, ಗಟ್ಟಿಯಾಗ್ಲಿ" ಅನ್ನೋ ಸಲಹೆ ದಯವಿಟ್ಟು ಬೇಡ, ಅದನ್ನು ಹೇಳೋಕೆ ಮನೆಯಲ್ಲೇ ಬೇಕಾದಷ್ಟು ಜನ ಇದ್ದಾರೆ.

ಸ್ಕ್ರೀನ್‌ಶಾಟ್‌ಗಳನ್ನು ತೆಗೆದಿಟ್ಟಿದ್ದೇನೆ. ಆದರೆ ದೂರು ಕೊಟ್ಟರೆ ಕಾಟ ಇನ್ನೂ ಹೆಚ್ಚುತ್ತೆ ಅಂತ ಅವನಿಗೆ ಭಯ. ಮಗುವಿನ ಮೇಲೆ ಸೇಡು ತಿರುಗದ ಹಾಗೆ ಶಾಲೆಯ ಜೊತೆ ಮಾತಾಡಿದವರು ಯಾರಾದರೂ ಇದ್ದೀರಾ? ದೂರಿನಲ್ಲಿ ಏನೇನು ಬರೆದಿರಿ? ಇನ್ನೊಂದು, ಕೌನ್ಸೆಲರ್ ಹತ್ತಿರ ಹೋಗೋಣ ಅಂದರೆ "ನಂಗೇನು ಹುಚ್ಚಾ?" ಅಂತಾನೆ. ನಿಮ್ಮ ಮಕ್ಕಳನ್ನು ಹೇಗೆ ಒಪ್ಪಿಸಿದಿರಿ? ಶಾಲೆ ಬದಲಿಸೋದು ಆಮೇಲಿನ ಮಾತು.