ಸಹಾಯ ಬೇಕು: ಆಸ್ಪತ್ರೆಯ ಡೇಟಾ ಸೋರಿದ ಮೇಲೆ ದಾಖಲೆ ತಿದ್ದಿಸುವ ಪತ್ರ

ಆಸ್ಪತ್ರೆಯಿಂದ ಡೇಟಾ ಸೋರಿದಾಗ ರೋಗಿಗಳಿಗೆ ಕೊಡಲು ಒಂದು ಪುಟದ ಸೂಚನೆ ತಯಾರಿಸುತ್ತಿದ್ದೇವೆ. ಒಂದು ಕಡೆ ಸಿಕ್ಕಿಕೊಂಡಿದ್ದೇವೆ, ಬಲ್ಲವರು ದಯವಿಟ್ಟು ನೆರವಾಗಿ.

ಮೊದಲ ಭಾಗ ಸಿದ್ಧವಿದೆ. ಸೋರಿಕೆಯ ಬಗ್ಗೆ ಬಂದ ಮೆಸೇಜಿನ ಲಿಂಕ್ ಒತ್ತಬೇಡಿ, ಹಳೆಯ ಬಿಲ್ಲಿನ ಮೇಲಿರುವ ನಂಬರಿಗೇ ಫೋನ್ ಮಾಡಿ. ಯಾವ ಯಾವ ಮಾಹಿತಿ ಹೋಗಿದೆ ಎಂದು ಬರಹದಲ್ಲಿ ಕೇಳಿ. ಆಸ್ಪತ್ರೆಯ ಆನ್‌ಲೈನ್ ಪೋರ್ಟಲ್‌ನ ಪಾಸ್‌ವರ್ಡನ್ನೇ ಇಮೇಲಿಗೂ ಇಟ್ಟಿದ್ದರೆ ಎರಡನ್ನೂ ಬದಲಿಸಿ. ಕಾರ್ಡ್ ನಂಬರ್ ಹೋದರೆ ಬ್ಯಾಂಕು ಹೊಸದು ಕೊಡುತ್ತದೆ. ರೋಗದ ವಿವರ, ಹುಟ್ಟಿದ ದಿನಾಂಕ ಹೋದರೆ ಬದಲಿ ಸಿಗುವುದಿಲ್ಲ. ಹಾಗಾಗಿ ವಿಮಾ ಕಂಪನಿಯಿಂದ ಕ್ಲೇಮ್ ಪಟ್ಟಿ (ನಿಮ್ಮ ಹೆಸರಲ್ಲಿ ಹಣ ಕೇಳಿದ ಚಿಕಿತ್ಸೆಗಳ ವಿವರ) ತರಿಸಿ ತಾರೀಖು, ವೈದ್ಯರ ಹೆಸರು, ಮೊತ್ತ ಒಂದೊಂದಾಗಿ ನೋಡುತ್ತಲೇ ಇರಬೇಕು.

ತೊಡಕಿರುವುದು ಮುಂದೆ. ಬೇರೆಯವರು ನಿಮ್ಮ ಹೆಸರಲ್ಲಿ ಚಿಕಿತ್ಸೆ ಪಡೆದರೆ ಅವರ ರಕ್ತದ ಗುಂಪು, ಅಲರ್ಜಿ ನಿಮ್ಮ ಫೈಲಿಗೆ ಸೇರಿಬಿಡಬಹುದು. ಪೆನಿಸಿಲಿನ್ ಆಗದವರ ಫೈಲಿನಲ್ಲಿ ‘ಅಲರ್ಜಿ ಇಲ್ಲ’ ಎಂದಿದ್ದರೆ ಜೀವಕ್ಕೇ ಅಪಾಯ. ಒಂದು ಕಡೆ ತಿದ್ದಿಸಿದರೂ ಲ್ಯಾಬ್, ವಿಮೆಯವರ ಬಳಿ ಹಳೆಯದೇ ಉಳಿದಿರುತ್ತದೆ. ಕೆಲವೆಡೆ ‘ಅದು ಇನ್ನೊಬ್ಬರ ಮಾಹಿತಿ’ ಎಂದು ಪ್ರತಿಯನ್ನೇ ಕೊಡುವುದಿಲ್ಲ.

ವೈದ್ಯಕೀಯ ದಾಖಲೆ ವಿಭಾಗದಲ್ಲಿ ಕೆಲಸ ಮಾಡಿದವರು ಹೇಳಿ: ತಪ್ಪು ನಮೂದನ್ನು ಬೇರೆ ಫೈಲಿಗೆ ಹಾಕಿಸಲು ಪತ್ರದಲ್ಲಿ ಏನೇನು ಬರೆಯಬೇಕು? ತಿದ್ದುಪಡಿಯನ್ನು ಯಾರ್ಯಾರಿಗೆ ಕಳಿಸಿದರು ಎಂಬ ಪಟ್ಟಿ ಪಡೆಯುವುದು ಹೇಗೆ? ಮಾದರಿ ಪತ್ರವಿದ್ದರೆ ಹೆಸರು, ನಂಬರ್ ಅಳಿಸಿ ಇಲ್ಲಿ ಹಾಕಿ.