ಹಡಗಿನ ‘ಹೋಲ್ಡ್’ಗೆ ಕನ್ನಡದಲ್ಲಿ ಏನನ್ನೋಣ?

ಮಿತ್ರರೇ,

1944ರ ಏಪ್ರಿಲ್ 14ರಂದು ಮುಂಬಯಿಯ ವಿಕ್ಟೋರಿಯಾ ಡಾಕಿನಲ್ಲಿ ಸಿಡಿದ ‘ಫೋರ್ಟ್ ಸ್ಟಿಕಿನ್’ ಹಡಗಿನ ಬಗ್ಗೆ ಬರೆಯುತ್ತಿದ್ದೇನೆ. ಹಡಗಿನ ತಳಭಾಗದಲ್ಲಿ ಸರಕು ತುಂಬುವ ಜಾಗಕ್ಕೆ ಇಂಗ್ಲಿಷಿನವರು ಹೇಳುವ ‘ಹೋಲ್ಡ್’ ಅನ್ನುವ ಪದದ ಹತ್ತಿರ ಬಂಡಿ ನಿಂತುಬಿಟ್ಟಿದೆ.

ಹಡಗನ್ನು ಏನೆಂದು ಕರೆಯಬೇಕು ಎಂಬ ಗೊಂದಲ ನನಗಿಲ್ಲ. ಕೆಲವರು ಅದನ್ನು ‘ಯುದ್ಧನೌಕೆ’ ಮಾಡಿಬಿಟ್ಟಿದ್ದಾರೆ, ಅದು ತಪ್ಪು. 1942ರಲ್ಲಿ ಕೆನಡಾದ ಪ್ರಿನ್ಸ್ ರೂಪರ್ಟಿನಲ್ಲಿ ಕಟ್ಟಿದ ಅಪ್ಪಟ ಸರಕು ಹಡಗು ಅದು. ಮದ್ದುಗುಂಡು ಹೊತ್ತ ಮಾತ್ರಕ್ಕೆ ಲಾರಿ ಟ್ಯಾಂಕ್ ಆಗುವುದಿಲ್ಲವಲ್ಲ!

ಇಂಗ್ಲೆಂಡಿನ ಬರ್ಕನ್‌ಹೆಡ್‌ನಿಂದ ಹೊರಟಾಗ ಅದರಲ್ಲಿ ಸುಮಾರು 1,400 ಟನ್ ಸ್ಫೋಟಕ, ಯುದ್ಧವಿಮಾನ, ಚಿನ್ನದ ಗಟ್ಟಿ ಎಲ್ಲ ಇದ್ದವು. ಕರಾಚಿಯಲ್ಲಿ ಹತ್ತಿಯ ಅಂಡಿಗೆ, ಎಣ್ಣೆ ಪೀಪಾಯಿ, ಮೀನಿನ ಗೊಬ್ಬರವನ್ನೂ ಹೇರಿದರು. ಎರಡನೇ ಹೋಲ್ಡಿನ ತಳದಲ್ಲಿ ಹತ್ತಿ, ಅದರ ಮೇಲಂತಸ್ತಿನಲ್ಲಿ ಸಿಡಿಮದ್ದು. ಬೆಂಕಿ ಹುಟ್ಟಿದ್ದು ಅಲ್ಲೇ.

ಈ ಹೋಲ್ಡಿಗೆ ‘ಸರಕು ಕೋಣೆ’ ಅಂದರೆ ಓದುಗರ ಕಣ್ಣಿಗೆ ಪಕ್ಕದ ಗೋಡೆಯಲ್ಲೊಂದು ಬಾಗಿಲು ಕಾಣುತ್ತದೆ. ಒಳಗೆ ನುಗ್ಗಿ ಬೆಂಕಿ ಆರಿಸಬಹುದಿತ್ತಲ್ಲ ಅನ್ನಿಸುತ್ತದೆ. ಹಾಗಿರಲಿಲ್ಲ. ಸರಕು ಹೋಗುವುದೂ ಬರುವುದೂ ನೆತ್ತಿಯ ಮೇಲಿನ ಬಾಯಿಂದಲೇ. ಅಗ್ನಿಶಾಮಕರು ಮೇಲೆ ನಿಂತು 900 ಟನ್ನಿಗೂ ಮಿಕ್ಕಿ ನೀರು ಸುರಿದರು. ದಟ್ಟ ಹೊಗೆಯಲ್ಲಿ ಬೆಂಕಿಯ ಮೂಲ ಮಾತ್ರ ಕಾಣಲಿಲ್ಲ, ಸುರಿದ ನೀರೇ ಕುದಿಯತೊಡಗಿತು. ಸಂಜೆ 4 ಗಂಟೆ 6 ನಿಮಿಷಕ್ಕೆ ಮೊದಲ ಸ್ಫೋಟ, ಅರ್ಧ ಗಂಟೆಯೊಳಗೆ ಎರಡನೆಯದು. ಸತ್ತ ನೂರಾರು ಜನರಲ್ಲಿ 66 ಮಂದಿ ಅಗ್ನಿಶಾಮಕರು. ದೇಶದಲ್ಲಿ ಏಪ್ರಿಲ್ 14ರಿಂದ ಅಗ್ನಿಶಾಮಕ ಸಪ್ತಾಹ ನಡೆಯುವುದು ಇವರ ನೆನಪಿಗೇ.

‘ಉಗ್ರಾಣ’ಕ್ಕೂ ಬಾಗಿಲಿನದೇ ತೊಡಕು, ಜೊತೆಗೆ ಅದು ಮದುವೆಮನೆಯ ವಾಸನೆ ಬಿಡುತ್ತದೆ. ‘ಗರ್ಭ’ ತೀರಾ ಕಾವ್ಯವಾಯಿತು. ಸದ್ಯಕ್ಕೆ ನನ್ನ ಒಲವು ‘ಒಡಲು’ ಕಡೆಗೆ. ಆದರೆ ‘ಎರಡನೇ ಒಡಲು’ ಅಂದರೆ ಹಡಗಿಗೆ ಎರಡು ದೇಹ ಬಂದಂತಾಗುತ್ತದೆಯೇ?

ಮಂಗಳೂರಿನ ಹಳೇ ಬಂದರಿನ ಧಕ್ಕೆಯಲ್ಲಿ, ಮಲ್ಪೆ, ಕಾರವಾರಗಳಲ್ಲಿ ಮಂಜಿಗೆ (ಮರದ ಸರಕು ಹಡಗಿಗೆ) ಸರಕು ತುಂಬುವವರು ಆ ತಳಭಾಗವನ್ನು ಏನನ್ನುತ್ತಾರೆ? ತುಳು, ಕೊಂಕಣಿ, ಬ್ಯಾರಿ ಯಾವುದಾದರೂ ಸರಿ, ಬಾಯಲ್ಲಿ ಬಳಕೆಯಲ್ಲಿರುವ ಪದ ಬೇಕು.

ಹಾಗೆಯೇ ‘ಡಾಕ್’. ಮರಾಠಿಯವರ ‘ಗೋದಿ’ಯನ್ನು ಎತ್ತಿಕೊಳ್ಳೋಣವೆಂದರೆ ‘ಗೋದಿ ಸ್ಫೋಟ’ ಅಂದಾಗ ನಮ್ಮವರಿಗೆ ಚಪಾತಿ ನೆನಪಾದೀತು. ‘ಧಕ್ಕೆ’ ಅಂದರೆ ದಡದ ಕಟ್ಟೆಯಷ್ಟೇ ಹೊಳೆಯುತ್ತದೆ, ಒಳಗಿನ ನೀರಿನ ಅಂಗಳವಲ್ಲ. ಸದ್ಯ ಡಾಕ್ ಎಂದೇ ಇಟ್ಟಿದ್ದೇನೆ. ಹೋಲ್ಡಿಗೆ ಯಾರಾದರೂ ದಾರಿ ತೋರಿಸಿ.