ಸಾಲ್ಸ್‌ಬರಿ ಹತ್ರ ಬಿಗಿನರ್ಸ್‌ಗೆ ಆಯಿಲ್ ಪೇಂಟಿಂಗ್ ಕ್ಲಾಸ್ (ಲ್ಯಾಂಡ್‌ಸ್ಕೇಪ್) - ಯಾರಾದ್ರೂ ಹೋಗಿದೀರಾ?

ಮಲೆನಾಡ್_ಮಳೆ
ಎಲ್ರಿಗೂ ನಮಸ್ಕಾರ. ನಾವಿರೋದು ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ, ಸಾಲ್ಸ್‌ಬರಿಗೆ ಟ್ರೈನಲ್ಲಿ ಹೆಚ್ಚೂಕಮ್ಮಿ ಅರ್ಧ ಗಂಟೆ. ಸ್ಕೂಲಲ್ಲಿ ಡ್ರಾಯಿಂಗ್ ಲೋಯರ್, ಹೈಯರ್ ಎರಡೂ ಪಾಸ್ ಮಾಡಿದೀನಿ, ಆದ್ರೆ ಅದೆಲ್ಲ ವಾಟರ್ ಕಲರ್ರು ಪೋಸ್ಟರ್ ಕಲರ್ರು, ಆಯಿಲ್ ಕೈಯಲ್ಲಿ ಮುಟ್ಟಿಲ್ಲ. ಸಾಲ್ಸ್‌ಬರಿಯ ಆ ಕೆಥೀಡ್ರಲ್ಲು (ದೊಡ್ಡ ಚರ್ಚು), ಮುಂದೆ ಹುಲ್ಲುಗಾವಲು, ನದಿ, ಮೇಲೆ ರಾಶಿ ಮೋಡ ನೋಡಿದಾಗೆಲ್ಲ ಇದನ್ನ ಬರೀಲೇಬೇಕು ಅನ್ಸುತ್ತೆ. ಎರಡು ಥರ ಕ್ಲಾಸ್ ಕಾಣಿಸ್ತಿದೆ: ಒಂದು ವಾರಕ್ಕೊಂದು ಸಂಜೆ ಸ್ಟುಡಿಯೋದಲ್ಲಿ, ಇನ್ನೊಂದು ವೀಕೆಂಡ್ ವರ್ಕ್‌ಶಾಪು, ಹೊರಗಡೆ ಈಸಲ್ (ಚಿತ್ರ ನಿಲ್ಲಿಸೋ ಸ್ಟ್ಯಾಂಡ್) ಇಟ್ಕೊಂಡು ಬರೆಯೋದು. ಯಾವ್ದು ಸೇರ್ಲಿ? ಮತ್ತೆ ಮನೇಲಿ ಚಿಕ್ಕ ಮಗು ಇದೆ, ಬಾಡಿಗೆ ಫ್ಲಾಟು, ಪೂರ್ತಿ ಕಾರ್ಪೆಟ್ಟು, ಆಯಿಲ್ ಬಣ್ಣ ತೆಳು ಮಾಡೋ ಟರ್ಪಂಟೈನ್ ವಾಸನೆ ಅಂದ್ರೆ ಯಜಮಾನ್ರು ಈಗ್ಲೇ ಮುಖ ಸಿಂಡರಿಸ್ತಿದಾರೆ.

ನಾಡರ್_ದಂಡೆ
ಮೊದ್ಲು ವಾರದ ಕ್ಲಾಸ್ ಸೇರಿ, ಹೊರಗಡೆ ಬರೆಯೋದು ಮೇ ಜೂನಿಗೆ ಇಟ್ಕೊಳಿ. ಹೊರಗೆ ಗಾಳಿ, ಎರಡು ಗಂಟೇಲಿ ನೆರಳು ಪೂರ್ತಿ ಜಾಗ ಬದಲಾಯಿಸುತ್ತೆ, ಹಿಂದೆ ನಿಂತು ನೋಡೋ ನಾಯಿ ವಾಕಿಂಗ್ ಜನ ಬೇರೆ, ಅದರ ಮಧ್ಯೆ ಹೊಸದಾಗಿ ಆಯಿಲ್ ಬಣ್ಣ ಕಲಸೋದೂ ಕಲೀತೀನಿ ಅಂದ್ರೆ ತಲೆ ಕೆಟ್ಟೋಗುತ್ತೆ.

ಸೇರೋ ಮುಂಚೆ ಟೀಚರಿಗೆ ಒಂದೇ ಪ್ರಶ್ನೆ ಕೇಳಿ, ಎಲ್ರೂ ಒಂದೇ ಫೋಟೋ ನೋಡಿ ಬರೀತಾರಾ ಅಂತ. ಹೌದು ಅಂದ್ರೆ ಬಿಟ್ಬಿಡಿ. ನಾನು ಹೋಗಿದ್ದ ಒಂದು ದಿನದ ವರ್ಕ್‌ಶಾಪಲ್ಲಿ (ಹೆಸರು ಬೇಡ) ಎಲ್ರಿಗೂ ಒಂದೇ ಸೂರ್ಯಾಸ್ತದ ಪ್ರಿಂಟ್ ಕೊಟ್ರು, ಆಮೇಲೆ ಟೀಚರ್ ಬಂದು ನನ್ ಬ್ರಷ್ ಇಸ್ಕೊಂಡು ಆಕಾಶ ಅವ್ರೇ ಮುಗಿಸಿಬಿಟ್ರು, ಸಂಜೆ ಎಲ್ರ ಕೈಯಲ್ಲೂ ಅದೇ ಆಕಾಶ! ಮನೇಲಿ ನೋಡ್ದೋರೆಲ್ಲ ಸೂಪರ್ ಅಂದ್ರು, ನನಗೆ ಮಾತ್ರ ಒಂದಕ್ಷರ ಕಲಿತಂಗೆ ಆಗ್ಲಿಲ್ಲ. ಒಳ್ಳೆ ಟೀಚರ್ ಅಂದ್ರೆ ಮೊದಲ ವಾರ ಬಣ್ಣನೇ ಕೊಡಲ್ಲ, ಕಂದು ಮತ್ತೆ ಬಿಳಿ ಎರಡರಲ್ಲೇ ಬೆಳಕು ನೆರಳು ಹಾಕಿಸ್ತಾರೆ. ಬೋರ್ ಅನ್ಸುತ್ತೆ, ಆದ್ರೆ ಅದೇ ಕ್ಲಾಸಲ್ಲಿ ಉಳ್ಕೊಳಿ.

ಅಗಸೆ_ಎಣ್ಣೆ
ವಾಸನೆ ವಿಷ್ಯಕ್ಕೆ ಬರ್ತೀನಿ. ವಾಟರ್ ಮಿಕ್ಸಬಲ್ ಆಯಿಲ್ ಅಂತ ಸಿಗುತ್ತೆ, ವಿನ್ಸರ್ ಅಂಡ್ ನ್ಯೂಟನ್‌ದು ಆರ್ಟಿಸಾನ್, ರಾಯಲ್ ಟಾಲೆನ್ಸ್‌ದು ಕೋಬ್ರಾ. ಇದೂ ಎಣ್ಣೆ ಬಣ್ಣನೇ, ಆದ್ರೆ ಬ್ರಷ್ ಸೋಪು ನೀರಲ್ಲೇ ತೊಳೀಬಹುದು, ಟರ್ಪಂಟೈನ್ ಮನೆಗೆ ತರೋದೇ ಬೇಡ. ನೀರು ಜಾಸ್ತಿ ಹಾಕಿದ್ರೆ ಹಾಲಿನ ಥರ ಮಂಕಾಗಿ ಅಂಟಂಟಾಗುತ್ತೆ, ಅದಕ್ಕೆ ಅಂತಲೇ ಬರೋ ಲಿನ್ಸೀಡ್ (ಅಗಸೆ) ಎಣ್ಣೆ ಹನಿ ಹನಿ ಹಾಕೊಳಿ. ಕ್ಲಾಸಲ್ಲಿ ಅದಕ್ಕೆ ಓಕೆನಾ ಅಂತ ಕೇಳ್ಕೊಳಿ, ಕೆಲವು ಟೀಚರ್‌ಗಳಿಗೆ ಆಗಿಬರಲ್ಲ.

ಯಾವ ಆಯಿಲ್ ತಗೊಂಡ್ರೂ ಒಂದು ಎಚ್ಚರಿಕೆ. ಲಿನ್ಸೀಡ್ ಎಣ್ಣೆ ನೀರಿನ ಥರ ಆವಿಯಾಗಿ ಒಣಗಲ್ಲ, ಗಾಳಿಯಲ್ಲಿರೋ ಆಕ್ಸಿಜನ್ ಸೇರ್ಕೊಂಡು ಗಟ್ಟಿಯಾಗೋದು, ಆಗ ಬಿಸಿ ಹುಟ್ಟುತ್ತೆ. ಎಣ್ಣೆ ಒರೆಸಿದ ಬಟ್ಟೆ ಮುದ್ದೆ ಮಾಡಿ ಡಸ್ಟ್‌ಬಿನ್‌ಗೆ ಎಸೆದ್ರೆ ತಾನಾಗೇ ಹೊತ್ಕೊಳ್ಳಬಹುದು, ಸುಮ್ನೆ ಹೆದರಿಸ್ತಿಲ್ಲ. ನೀರಲ್ಲಿ ನೆನೆಸಿ ಮುಚ್ಚಳ ಇರೋ ತಗಡಿನ ಡಬ್ಬೀಲಿ ಹಾಕಿ.

ವಾಟರ್ ಕಲರಿಂದ ಬರೋರಿಗೆ ದೊಡ್ಡ ಗೊಂದಲ ಇದು: ಅಲ್ಲಿ ಬಿಳಿ ಅಂದ್ರೆ ಪೇಪರೇ, ತೆಳುವಿಂದ ಗಾಢಕ್ಕೆ ಹೋಗ್ತೀವಿ. ಇಲ್ಲಿ ಉಲ್ಟಾ, ಗಾಢ ನೆರಳು ಮೊದ್ಲು ತೆಳ್ಳಗೆ, ಬೆಳಕು ಕೊನೇಲಿ ದಪ್ಪಗೆ. ಕೆಳಗಿನ ಪದರಕ್ಕಿಂತ ಮೇಲಿನ ಪದರದಲ್ಲಿ ಎಣ್ಣೆ ಜಾಸ್ತಿ ಇರ್ಬೇಕು, ಇಲ್ಲಾಂದ್ರೆ ಮುಂದೆ ಬಿರುಕು ಬಿಡುತ್ತೆ.

ಟ್ಯೂಬ್ ಐದು ಸಾಕು: ಟೈಟೇನಿಯಂ ವೈಟ್, ಅಲ್ಟ್ರಾಮರೀನ್ (ಗಾಢ ನೀಲಿ), ಬರ್ನ್ಟ್ ಸಿಯೆನ್ನಾ (ಕೆಂಪುಕಂದು), ಯೆಲ್ಲೋ ಓಕರ್ (ಮಣ್ಣಿನ ಹಳದಿ), ಲೆಮನ್ ಯೆಲ್ಲೋ. ಹಸಿರು ಟ್ಯೂಬ್ ಬೇಡ್ವೇ ಬೇಡ. ಇಲ್ಲಿನ ಹುಲ್ಲಿಗೆ ಟ್ಯೂಬಿನ ಹಸಿರು ಹಚ್ಚಿದ್ರೆ ಪ್ಲಾಸ್ಟಿಕ್ ಚಾಪೆ ಹಾಸಿದಂಗೆ ಕಾಣುತ್ತೆ. ನೀಲಿ ಹಳದಿ ಕಲಸಿ, ಚೂರು ಸಿಯೆನ್ನಾ ಹಾಕಿ ಅದರ ಜಂಭ ಇಳಿಸಿ. ಅಲ್ಟ್ರಾಮರೀನ್ ಜೊತೆ ಸಿಯೆನ್ನಾ ಅಂದ್ರೆ ಕಪ್ಪಿನ ಹತ್ರಕ್ಕೆ ಹೋಗುತ್ತೆ, ಅದಕ್ಕೇ ಬಿಳಿ ಸೇರಿಸಿದ್ರೆ ಇಂಗ್ಲೆಂಡಿನ ಮೋಡ ಅಷ್ಟೂ ಸಿಕ್ತು.

ಮಲೆನಾಡ್_ಮಳೆ
ಅಯ್ಯೋ ಎಷ್ಟೊಂದು ಹೇಳಿದ್ರಿ, ಥ್ಯಾಂಕ್ಸ್! ವಾರದ ಕ್ಲಾಸಿಗೇ ಹಾಕ್ತೀನಿ. ಆದ್ರೆ ಆಸೆ ಇರೋದು ಆ ಕೆಥೀಡ್ರಲ್ ಗೋಪುರದ್ದೇ ಕಣ್ರೀ, ಅದನ್ನ ಯಾವಾಗ ಬರೆಯೋದು?

ಚಿತ್ರಸಂತೆ_ಚಿನ್ನಪ್ಪ
ಗೋಪುರ 123 ಮೀಟರ್, ಈ ದೇಶದ ಚರ್ಚ್ ಗೋಪುರಗಳಲ್ಲೇ ಅತಿ ಎತ್ತರದ್ದು, ಕಣ್ಣು ಅಲ್ಲಿಗೇ ಹೋಗುತ್ತೆ, ಹೋಗ್ಲಿ ಬಿಡಿ. ಆದ್ರೆ ಕಿಟಕಿ ಕಮಾನು ಎಣಿಸ್ತಾ ಕೂತ್ರೆ ಅದು ಆರ್ಕಿಟೆಕ್ಟ್ ಡ್ರಾಯಿಂಗ್ ಆಗುತ್ತೆ. ಪಕ್ಕದ ಹಾರ್ನಂನ ಹಳೇ ಮಿಲ್ ಕಡೆಯಿಂದ ಊರಿಗೆ ಟೌನ್ ಪಾತ್ ಅಂತ ಕಾಲುದಾರಿ ಇದೆ, ವಾಟರ್ ಮೆಡೋಸ್ (ನದಿ ಪಕ್ಕದ ಹುಲ್ಲುಗಾವಲು) ಮಧ್ಯದಲ್ಲೇ ಹೋಗುತ್ತೆ. ಅಲ್ಲಿಗೆ ಬೆಳಿಗ್ಗೆ ಹೋಗಿ. ಸೂರ್ಯ ಚರ್ಚಿನ ಹಿಂದೆ ಇರ್ತಾನೆ, ಕಲ್ಲಿನ ವಿವರ ಒಂದೂ ಕಾಣಲ್ಲ, ಪೂರ್ತಿ ಕಟ್ಟಡ ಒಂದೇ ನೀಲಿಬೂದಿ ಆಕಾರ. ಬಿಗಿನರ್‌ಗೆ ಅದಕ್ಕಿಂತ ಸುಲಭ ಇನ್ನೇನಿದೆ? ಮಧ್ಯಾಹ್ನದ ಮೇಲೆ ಬಿಸಿಲು ಪಶ್ಚಿಮದ ಗೋಡೆಗೆ ಬಿದ್ದಾಗ ಚಿಲ್ಮಾರ್ಕ್ ಕಲ್ಲು ಕೆನೆಬಣ್ಣಕ್ಕೆ ತಿರುಗುತ್ತೆ, ನೋಡೋಕೆ ಚೆಂದ, ಬರೆಯೋಕೆ ಕಷ್ಟ, ಅದು ಮುಂದಿನ ವರ್ಷಕ್ಕೆ. ಚಳಿಗಾಲದಲ್ಲಿ ಅಲ್ಲಿ ನೀರು ತುಂಬ್ಕೊಳುತ್ತೆ, ನೋಡ್ಕೊಂಡು ಹೋಗಿ.

ಇಂಗ್ಲಿಷ್ ಚಿತ್ರಕಾರ ಜಾನ್ ಕಾನ್‌ಸ್ಟೆಬಲ್ 1831ರಲ್ಲಿ ಎಕ್ಸಿಬಿಷನ್‌ಗೆ ಇಟ್ಟ, ಇದೇ ಕೆಥೀಡ್ರಲ್ ಮೇಲೆ ಕಾಮನಬಿಲ್ಲಿರೋ ದೊಡ್ಡ ಚಿತ್ರ ಗೊತ್ತಲ್ಲ, ಟೇಟ್ ಗ್ಯಾಲರಿಯವ್ರು 2013ರಲ್ಲಿ 23.1 ಮಿಲಿಯನ್ ಪೌಂಡಿಗೆ ತಗೊಂಡ್ರು. ಅದನ್ನ ನೋಡಿ ಕಲಿಯೋಕೆ ಹೋಗ್ಬೇಡಿ, ಹೆದರ್ಕೊಂಡು ವಾಪಸ್ ಬರ್ತೀರ. ಲಂಡನ್‌ಗೆ ಹೋದಾಗ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಅವನ ಸಣ್ಣ ಸಣ್ಣ ಆಯಿಲ್ ಸ್ಕೆಚ್ ನೋಡಿ, ಎಂಟ್ರಿ ಫ್ರೀ. ಪೇಪರ್ ಮೇಲೆ ಗಬಗಬ ಅಂತ ಹಾಕಿರೋ ಆಕಾಶ, ಕೆಂಪುಕಂದು ತಳ ಹಾಗೇ ಅಲ್ಲಲ್ಲಿ ಇಣುಕ್ತಿರುತ್ತೆ. ಅಂದಹಾಗೆ ಅಲ್ಲೇ ಇರೋ 1823ರ ಸಾಲ್ಸ್‌ಬರಿ ಚಿತ್ರ ಬರೆಸಿದ್ದು ಅಲ್ಲಿನ ಬಿಷಪ್ಪು, ಅವ್ರಿಗೆ ಆ ಕಪ್ಪು ಮೋಡನೇ ಹಿಡಿಸ್ಲಿಲ್ಲವಂತೆ! ಆಮೇಲೆ ಆಕಾಶ ತಿಳಿ ಮಾಡಿ ಇನ್ನೊಂದು ಬರ್ದ. ನಿಮ್ಮ ಯಜಮಾನ್ರಿಗೂ ಹೇಳಿ.

ಊರಿಗೆ ಹೋದ್ರೆ ರುಮಾಲೆ ಚನ್ನಬಸವಯ್ಯನವರ ಚಿತ್ರಗಳನ್ನೂ ನೋಡಿ, ಬೆಂಗಳೂರಿನ ಹೂಬಿಟ್ಟ ಮರಗಳಲ್ಲಿ ಎಲೆ ಎಲೆ ಬಿಡಿಸದೇ ಬರೀ ಬ್ರಷ್ ಏಟಲ್ಲೇ ಮರ ನಿಲ್ಲಿಸಿದಾರೆ. ನಿಮ್ಮ ಟೀಚರ್ ಹೇಳಿಕೊಡೋದೂ ಅದನ್ನೇ.

ಮಲೆನಾಡ್_ಮಳೆ
ಚಿನ್ನಪ್ಪನೋರೆ ಸಕತ್ತು. ಕೊನೇ ಡೌಟು, ಹಸಿ ಪೇಂಟಿಂಗ್ ಟ್ರೈನಲ್ಲಿ ಹೆಂಗೆ ತರೋದು? ಪಕ್ಕದೋರ ಕೋಟಿಗೆ ಹತ್ತಿದ್ರೆ ಗತಿ ಏನು.

ಅಗಸೆ_ಎಣ್ಣೆ
ಕ್ಯಾನ್ವಾಸ್ ಬೇಡ, 8 ಇಂಚು 10 ಇಂಚಿನ ಬೋರ್ಡ್ ತಗೊಳಿ. ಒಂದೇ ಸೈಜಿನ ಎರಡು ಬೋರ್ಡ್ ಎದುರುಬದುರು ಇಟ್ಟು, ನಾಲ್ಕು ಮೂಲೆಗೆ ಬೆಂಡಿನ ಚೂರು ಕೊಟ್ಟು, ರಬ್ಬರ್ ಬ್ಯಾಂಡ್ ಬಿಗೀರಿ, ಬಣ್ಣ ಒಳಗಡೆ ಇರುತ್ತೆ. ವೈನ್ ಬಾಟಲಿ ಕಾರ್ಕ್ ಕೊಯ್ದ್ರೂ ನಡೆಯುತ್ತೆ. ಹಾಂ, ಬಿಳಿ ಟ್ಯೂಬ್ ಮಾತ್ರ ದೊಡ್ಡದೇ ತಗೊಳಿ, ಮೊದ್ಲು ಖಾಲಿಯಾಗೋದು ಅದೇ.